ಮದ್ದೇ ಸಿಗದಿದ್ದರೆ ಯಾವ ಕೋವಿ ತಗೊಳ್ಳಲಿ? ನಳಿಗೆಯ ಬಾಯಿಂದ ಮದ್ದು ತುಂಬುವ ಮಜಲ್‌ಲೋಡರ್ ಬಗ್ಗೆ ಸಲಹೆ ಬೇಕು (ಪೆನ್ಸಿಲ್ವೇನಿಯಾ, ಬಜೆಟ್ 900 ಡಾಲರ್)

ಹೊಸನಗರ_ಹ್ಯಾರಿಸ್‌ಬರ್ಗ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕೋವಿ ಹಿಡಿಯುವ ಕನ್ನಡದವರು ಇಲ್ಲಿ ಬೆರಳೆಣಿಕೆ ಅಂತ ಗೊತ್ತು. ಆದರೂ ಇಲ್ಲೇ ಕೇಳುತ್ತಿದ್ದೇನೆ. ಇಲ್ಲಿಯ ಅಮೆರಿಕದವರನ್ನು ಕೇಳಿದರೆ ಪ್ರತಿಯೊಬ್ಬರಿಗೂ ತಮ್ಮ ಕೈಯಲ್ಲಿರುವುದೇ ಕೋವಿ, ಉಳಿದದ್ದೆಲ್ಲ ಒನಕೆ.

ನಾನಿರುವುದು ಹ್ಯಾರಿಸ್‌ಬರ್ಗಿನಿಂದ ಸಸ್ಕ್ವೆಹನ್ನಾ ನದಿ ದಾಟಿ ಅರ್ಧ ಗಂಟೆ ದೂರದಲ್ಲಿ. ಮನೆ ಹಿಂದೆ ಮೆಕ್ಕೆಜೋಳದ ಹೊಲ, ಅದರ ಹಿಂದೆ ಓಕ್ ಮರದ ಕಾಡು. ಗ್ರೀನ್ ಕಾರ್ಡ್ ಇದೆ, ಬೇಟೆ ಲೈಸೆನ್ಸ್ ಇದೆ, ಅದರ ಮೇಲೆ ಮಜಲ್‌ಲೋಡರ್‌ದು ಬೇರೆ ಲೈಸೆನ್ಸೂ ಇದೆ. 2019ರಲ್ಲಿ ಪಕ್ಕದ ಮನೆಯ ಅಜ್ಜನ ಮಾತು ಕೇಳಿ ಒಂದು ಸಿವಿಎ ವುಲ್ಫ್ ತಗೊಂಡೆ. 50 ಕ್ಯಾಲಿಬರ್ (ಅರ್ಧ ಇಂಚಿನ ನಳಿಗೆ) ಇನ್‌ಲೈನ್, ಅಂದರೆ ಕಿಡಿ ಕೊಡುವ ಪ್ರೈಮರ್ ನಳಿಗೆಯ ಹಿಂದೆ ನೇರ ಕೂರುವ ಹೊಸ ಮಾದರಿ. ಮದ್ದು ಬ್ಲ್ಯಾಕ್‌ಹಾರ್ನ್ 209 ಹಾಕು, ನಳಿಗೆ ತೊಳೆಯೋ ಗೋಳು ಕಮ್ಮಿ ಅಂದರು. ಅದಕ್ಕೆ ಬೇರೆ ಬ್ರೀಚ್ ಪ್ಲಗ್, ಅಂದರೆ ನಳಿಗೆಯ ಹಿಂಬದಿಯ ಬಿರಡೆ, ಬೇಕಾಯಿತು, ಅದನ್ನೂ ತಂದೆ. ಪ್ರತಿ ಅಕ್ಟೋಬರಿನಲ್ಲಿ ಒಂದು ವಾರದ ಸೀಸನ್ನಿಗೆ ಹೋಗುತ್ತೇನೆ. ಎರಡು ಸಲ ಹೆಣ್ಣು ಜಿಂಕೆ ಸಿಕ್ಕಿದೆ. ಪಕ್ಕದ ಮನೆ ಅಜ್ಜ ಜರ್ಕಿ ಒಣಗಿಸುತ್ತಾರೆ, ನಾನು ಕಾಳುಮೆಣಸು ಹಾಕಿ ಹುರಿಯುತ್ತೇನೆ. ಅವರು ಈಗೀಗ ನನ್ನದನ್ನೇ ಜಾಸ್ತಿ ತಿನ್ನುತ್ತಾರೆ.

ಈಗ ವಿಷಯ. ಆಗ 10 ಔನ್ಸಿನ ಡಬ್ಬಿಗೆ 35 ಡಾಲರಿನ ಆಸುಪಾಸು ಕೊಟ್ಟಿದ್ದೆ. ಮೊನ್ನೆ ನಮ್ಮೂರ ಅಂಗಡಿಯಲ್ಲಿ ಅದೇ ಡಬ್ಬಿಗೆ 80 ದಾಟಿತ್ತು. ಅದೂ ಬೆಲೆಯ ಚೀಟಿ ಮಾತ್ರ. ಡಬ್ಬಿ ಇರಬೇಕಾದ ಜಾಗದಲ್ಲಿ ಮೀನು ಹಿಡಿಯುವ ಗಾಳದ ಪೊಟ್ಟಣ ನೇತುಹಾಕಿದ್ದರು. ಯಾವಾಗ ಬರುತ್ತೆ ಅಂದರೆ ಹುಡುಗ ಭುಜ ಕುಣಿಸಿದ. ನನ್ನ ಹತ್ತಿರ ಕಾಲು ಡಬ್ಬಿ ಉಳಿದಿದೆ. ಅಲ್ಲಾಡಿಸಿದರೆ ತಳದಲ್ಲಿ ರವೆ ಉರುಳಿದ ಸದ್ದು.

ಇನ್ನೊಂದು ಆಸೆಯೂ ಇದೆ. ಕ್ರಿಸ್‌ಮಸ್ ಮಾರನೇ ದಿನ, ಡಿಸೆಂಬರ್ 26ಕ್ಕೆ ಇಲ್ಲಿ ಫ್ಲಿಂಟ್‌ಲಾಕ್ ಸೀಸನ್ ಶುರು. ಹಿಮದಲ್ಲಿ, ಚಕಮಕಿ ಕಲ್ಲಿನ ಕೋವಿ ಹಿಡಿದು. ಆರು ವರ್ಷದಿಂದ ಕಿಟಕಿಯಲ್ಲಿ ನಿಂತು ಬೇರೆಯವರು ಹೋಗುವುದನ್ನು ನೋಡಿದ್ದೇನೆ.

ನನ್ನ ತಲೆಯಲ್ಲಿರುವ ದಾರಿಗಳು ಇವು: ಇರುವ ಇನ್‌ಲೈನನ್ನೇ ಇಟ್ಟುಕೊಂಡು ಟ್ರಿಪಲ್ ಸೆವೆನ್ ಅನ್ನುವ ಬೇರೆ ಮದ್ದಿಗೆ ಬದಲಾಗುವುದು. ಇಲ್ಲವೇ ಅದನ್ನು ಮಾರಿ ಕೇಪಿನ, ಅಂದರೆ ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ ಇಟ್ಟು ಹೊಡೆಯುವ, ಹಳೇ ಮಾದರಿಯ ಹಾಕೆನ್ ಕೋವಿ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವುದು, ಅದು ನೋಡಲಿಕ್ಕೆ ಚಂದ. ಇಲ್ಲವೇ ಸೀದಾ ಫ್ಲಿಂಟ್‌ಲಾಕ್. ಮೂರನ್ನೂ ಇಡಲಿಕ್ಕೆ ಮನೆಯವಳು ಬಿಡುವುದಿಲ್ಲ, ಬಜೆಟ್ಟೂ ಬಿಡುವುದಿಲ್ಲ.

ಹಾಕೆನ್ ಆಸೆಗೆ ಕಾರಣ ನಮ್ಮಜ್ಜ. ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಹಂದಿ ಬಂದ ರಾತ್ರಿ ಮಾಳದಲ್ಲಿ ಕೂತು ಒಂದೇ ಒಂದು ಈಡು. ಎರಡನೆಯದು ಇಲ್ಲ. ಕೇಪುಗಳನ್ನು ಅಮೃತಾಂಜನದ ಖಾಲಿ ಡಬ್ಬಿಯಲ್ಲಿ ಎಣಿಸಿ ಇಡುತ್ತಿದ್ದರು. ಒಮ್ಮೆ ನಾನು ಒಂದನ್ನು ಕದ್ದು, ಒರಳುಕಲ್ಲಿನ ಮೇಲಿಟ್ಟು ಕುಟ್ಟಿದೆ. ಸರಿಯಾಗಿ ಬಿತ್ತು ಬೆನ್ನಿಗೆ. ಕೇಪು ಒಡೆದದ್ದಕ್ಕಲ್ಲ, ಲೆಕ್ಕ ತಪ್ಪಿಸಿದ್ದಕ್ಕೆ. ಪೇಟೆಯಲ್ಲಿ ಕೇಪು ಇಲ್ಲ ಅಂತ ಆ ವರ್ಷ ಅವರು ಮೂರು ಸಲ ತೀರ್ಥಹಳ್ಳಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದರು.

ಅನುಭವ ಇದ್ದವರು ಹೇಳಿ.

---

ಡೆನ್ವರ್_ಅಕ್ಕ ಬರೆದದ್ದು:

ಇನ್‌ಲೈನ್ ಮಾರಬೇಡಿ. ಮಾರಿದರೆ ನಿಮಗೆ ನೂರೈವತ್ತು ಡಾಲರ್ ಬಂದೀತು, ಅಷ್ಟೆ. ಅಕ್ಟೋಬರಿನ ಸೀಸನ್ನಿಗೆ ಅದು ಬೇಕೇ ಬೇಕು.

ನಾನು ಕೊಲೊರಾಡೋದಲ್ಲಿ ಸೆಪ್ಟೆಂಬರಿನ ಮಜಲ್‌ಲೋಡರ್ ಸೀಸನ್ನಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹುಡುಕಿಕೊಂಡು ಹೋಗುತ್ತೇನೆ. ಎಂಟು ವರ್ಷ ಆಯಿತು. ಸಿಕ್ಕಿದ್ದು ಎರಡೇ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ರಾಜ್ಯದಲ್ಲಿ ನಿಯಮ ಬಿಗಿ. ದುರ್ಬೀನು ಇಲ್ಲ, ಬರಿಗಣ್ಣಿನ ಗುರಿ. ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ, ಅಂದರೆ ಸ್ಯಾಬಟ್, ಇಲ್ಲ. ಗುಳಿಗೆ ಮದ್ದು, ಅಂದರೆ ಪೆಲೆಟ್, ಅದೂ ಇಲ್ಲ. ಬಿಡಿ ಪುಡಿಯನ್ನೇ ಅಳೆದು ಹಾಕಬೇಕು. ಎಲ್ಕ್‌ಗೆ 50 ಕ್ಯಾಲಿಬರಿಗಿಂತ ಸಣ್ಣದು ನಡೆಯಲ್ಲ. ಇದೇನು ಕಿರಿಕಿರಿ ಅಂತ ಮೊದಲು ಬೈದುಕೊಂಡಿದ್ದೆ. ಮದ್ದಿನ ಬರ ಬಂದಾಗ ಅದೇ ನನ್ನ ಕೈ ಹಿಡಿಯಿತು. ಬಿಡಿ ಪುಡಿ ಅಳೆದು ಅಭ್ಯಾಸ ಇದ್ದವರು ಯಾವ ಬ್ರ್ಯಾಂಡ್ ಸಿಕ್ಕಿದರೂ ನಿಭಾಯಿಸುತ್ತಾರೆ. ಗುಳಿಗೆಗೆ ಒಗ್ಗಿದವರು ಗುಳಿಗೆ ಇಲ್ಲದ ದಿನ ಕೋವಿ ಗೋಡೆಗೆ ಒರಗಿಸಿ ಕೂರುತ್ತಾರೆ.

ಲೆಕ್ಕ ನೋಡಿ. ಗುಳಿಗೆಯ ಒಂದು ಪೆಟ್ಟಿಗೆಯಲ್ಲಿ 50 ಗ್ರೇನಿನವು (ಗ್ರೇನ್ ಅಂದರೆ ಮದ್ದಿನ ಅಳತೆ) ನೂರು. ಈಡಿಗೆ ಎರಡು ಹಾಕಿದರೆ 50 ಈಡು, ಮುಗಿಯಿತು. ಬಿಡಿ ಟ್ರಿಪಲ್ ಸೆವೆನ್ ಒಂದು ಪೌಂಡಿನ ಡಬ್ಬಿಯಲ್ಲಿ, ನೀವು ಅಳತೆ ಪಾತ್ರೆಯಲ್ಲಿ 80 ಗ್ರೇನ್ ಹಾಕಿದರೆ, ನೂರಕ್ಕೆ ಮೋಸ ಇಲ್ಲ. ಒಂದು ಮಾತು: ಟ್ರಿಪಲ್ ಸೆವೆನ್ ಕಪ್ಪು ಮದ್ದಿಗಿಂತ ಖಾರ. ಅದೇ ವೇಗಕ್ಕೆ ಶೇಕಡಾ 15 ಕಮ್ಮಿ ಹಾಕಿ ಅಂತ ಕಂಪನಿಯವರೇ ಹೇಳುತ್ತಾರೆ. ನಿಮ್ಮ ಕೋವಿಯ ಪುಸ್ತಕದಲ್ಲಿ ಬರೆದಿರುವ ಮಿತಿ ದಾಟಬೇಡಿ.

ಅದರದ್ದೊಂದು ಕೆಟ್ಟ ಚಾಳಿ ಇದೆ. ಎರಡು ಮೂರು ಈಡಾದ ಮೇಲೆ ನಳಿಗೆಯೊಳಗೆ, ಗುಂಡು ಕೂರುವ ಜಾಗದಲ್ಲಿ, ಗಟ್ಟಿ ಉಂಗುರದ ಹಾಗೆ ಕಿಟ್ಟ ಕಟ್ಟುತ್ತದೆ. ದೋಸೆ ಕಾವಲಿ ಅಂಚಿನಲ್ಲಿ ಕರಟಿರುತ್ತಲ್ಲ, ಹಾಗೆ. ಮುಂದಿನ ಗುಂಡು ಅಲ್ಲಿ ತಡೆದು ನಿಲ್ಲುತ್ತದೆ. ಕೂತಿತು ಅಂದುಕೊಂಡು ಹೊಡೆದರೆ ಅಪಾಯ. ಗುಂಡಿಗೂ ಮದ್ದಿಗೂ ನಡುವೆ ಖಾಲಿ ಜಾಗ ಇದ್ದರೆ ನಳಿಗೆ ಉಬ್ಬಬಹುದು, ಒಡೆಯಬಹುದು. ಈಡಿಗೊಂದು ಸಲ ಒದ್ದೆ ಬಟ್ಟೆ ಚೂರಿನಿಂದ ಒರೆಸಿ. ಗಜದ (ಗುಂಡು ಒಳಗೆ ನೂಕುವ ಕೋಲಿನ) ಮೇಲೆ ಗುಂಡು ಪೂರ್ತಿ ಕೂತಾಗಿನ ಗುರುತು ಹಾಕಿ. ನಾನು ನನ್ನ ಉಗುರಿನ ಬಣ್ಣದಲ್ಲೇ ಗೆರೆ ಎಳೆದಿದ್ದೇನೆ, ಕೆಂಪು. ಎಂಟು ವರ್ಷವಾದರೂ ಅಳಿಸಿಲ್ಲ.

ಬ್ಲ್ಯಾಕ್‌ಹಾರ್ನ್ ಯಾಕೆ ತುಟ್ಟಿ ಅಂದರೆ, ಅದು ಕಪ್ಪು ಮದ್ದಿನ ಜಾತಿಯದ್ದಲ್ಲ. ಒಳಗಿರುವುದು ನೈಟ್ರೋಸೆಲ್ಯುಲೋಸ್. ಹತ್ತಿ ಬೀಜದ ಮೇಲಿನ ಸಣ್ಣ ನಾರಿನಿಂದ ಮಾಡುತ್ತಾರೆ. ಯುಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಗುಂಡಿಗೂ ಅದೇ ಬೇಕು. 155 ಮಿಲಿಮೀಟರ್ ಶೆಲ್ ಮಾಡುವವರ ಮುಂದೆ ನಾವು ನೀವು ಯಾವ ಲೆಕ್ಕ ಹೇಳಿ?

ಮದ್ದಿಗಿಂತ ನನ್ನನ್ನು ಜಾಸ್ತಿ ಅಳಿಸಿದ್ದು 209 ಪ್ರೈಮರ್. 2021ರಲ್ಲಿ ಮೂರು ತಿಂಗಳು ಹುಡುಕಿದೆ. ಕೊನೆಗೆ ಒಂದು ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಮೊಳೆ ಡಬ್ಬಿಗಳ ಹಿಂದೆ, ಧೂಳು ಹಿಡಿದ ಎರಡು ಪೆಟ್ಟಿಗೆ ಸಿಕ್ಕಿತು. ಅಂಗಡಿಯವನು ಹಳೇ ಬೆಲೆಗೇ ಕೊಟ್ಟ. ಅವತ್ತು ಬಂಗಾರ ಸಿಕ್ಕಿದ್ದರೂ ಅಷ್ಟು ಖುಷಿ ಆಗುತ್ತಿರಲಿಲ್ಲ.

---

ಪುಟ್ಟ_ಡಲ್ಲಾಸ್ ಬರೆದದ್ದು:

ಒಂದು ಪೆದ್ದು ಪ್ರಶ್ನೆ. ಮಾಮೂಲಿ ರೈಫಲ್ ತೋಟಾದೊಳಗಿನ ಸ್ಮೋಕ್‌ಲೆಸ್ ಪೌಡರ್ ಇದೆಯಲ್ಲ, ಅದನ್ನೇ ಸ್ವಲ್ಪ ಕಮ್ಮಿ ಹಾಕಿದರೆ ಆಗಲ್ವಾ? ಇಲ್ಲಾಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ತಂದು ಮನೆಯಲ್ಲೇ ಅರೆದರೆ? ವಿಡಿಯೋಗಳು ಬೇಕಾದಷ್ಟಿವೆ.

---

ಲ್ಯಾಂಕಾಸ್ಟರ್_ರಾವ್ ಬರೆದದ್ದು:

ಮೊದಲು ಪುಟ್ಟನಿಗೆ. ಆಗಲ್ಲ, ಮತ್ತು ಬೇಡ. ಸ್ಮೋಕ್‌ಲೆಸ್‌ನ ಒತ್ತಡ ಈ ನಳಿಗೆಗಳು ತಡೆಯುವಂಥದ್ದಲ್ಲ. ಅದಕ್ಕೆಂದೇ ಕಟ್ಟಿದ ಒಂದೆರಡು ಮಾದರಿ ಬಿಟ್ಟು ಬೇರೆ ಯಾವುದಕ್ಕೆ ಹಾಕಿದರೂ ಅದು ಕೋವಿ ಅಲ್ಲ, ಬಾಂಬು. ನಮ್ಮ ಕ್ಲಬ್ಬಿನ ಗೋಡೆಗೆ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಂಡ ಒಂದು ನಳಿಗೆ ನೇತುಹಾಕಿದ್ದಾರೆ. ಹೊಸಬರಿಗೆ ಮೊದಲು ತೋರಿಸುವುದು ಅದನ್ನೇ. ಮನೆಯಲ್ಲಿ ಮದ್ದು ಅರೆಯುವ ಮಾತಂತೂ ಎತ್ತಲೇಬೇಡ. ಅದನ್ನೇ ಕಸುಬು ಮಾಡಿಕೊಂಡ ಕಾರ್ಖಾನೆಗಳೇ ಹಾರಿಹೋಗಿವೆ. ವಿಡಿಯೋ ಮಾಡಿದವನ ಬೆರಳು ಎಷ್ಟಿವೆ ಎಣಿಸಿಕೋ.

ಈಗ ಹೊಸನಗರದವರಿಗೆ. ನನ್ನ ಪರಿಚಯ ಒಂದು ಸಾಲು: ನಾನು ಸಸ್ಯಾಹಾರಿ. ಹದಿನೈದು ವರ್ಷದಿಂದ ಫ್ಲಿಂಟ್‌ಲಾಕ್ ಹೊಡೆಯುತ್ತಿದ್ದೇನೆ, ಕೊಂದದ್ದು ಕಾಗದ ಮಾತ್ರ. ಕ್ಲಬ್ಬಿನಲ್ಲಿ ಎಲ್ಲರೂ ನಗುತ್ತಾರೆ, ನಗಲಿ. ನಾನಿರುವ ಲ್ಯಾಂಕಾಸ್ಟರ್ ಈ ಕೋವಿಗಳ ತವರು. ಜಗತ್ತೆಲ್ಲ ಕೆಂಟಕಿ ರೈಫಲ್ ಅನ್ನುವ ಉದ್ದ ನಳಿಗೆಯ ಕೋವಿಯನ್ನು 1700ರ ದಶಕಗಳಲ್ಲಿ ಮಾಡುತ್ತಿದ್ದವರು ಇಲ್ಲಿಯ ಜರ್ಮನ್ ಕಮ್ಮಾರರು. ಹೆಸರು ಮಾತ್ರ ಕೆಂಟಕಿಯವರ ಪಾಲಾಯಿತು.

ನೀವು ಕೋವಿಯಿಂದ ಶುರು ಮಾಡಿದ್ದೀರಿ. ಮದ್ದಿನಿಂದ ಶುರು ಮಾಡಿ. ಯಾವ ಮದ್ದು ನಿಮ್ಮ ಮನೆ ಬಾಗಿಲಿಗೆ ಬರುತ್ತದೋ ಅದು ಒಪ್ಪುವ ಕೋವಿ ತಗೊಳ್ಳಿ. ನಿಮ್ಮ ಅಜ್ಜ ತೀರ್ಥಹಳ್ಳಿಯಿಂದ ಬರಿಗೈಯಲ್ಲಿ ಬಂದದ್ದು ನಿಮಗೇ ನೆನಪಿದೆಯಲ್ಲ.

ಡಿಸೆಂಬರ್ 26ರ ಸೀಸನ್ನಿಗೆ ಹೋಗಬೇಕಾದರೆ ಚಕಮಕಿಯದೇ ಆಗಬೇಕು. ನೀವು ಆಸೆಪಟ್ಟ ಕೇಪಿನ ಹಾಕೆನ್ ಅಲ್ಲಿ ನಡೆಯಲ್ಲ. 1974ರಲ್ಲಿ ಇದನ್ನು ಶುರು ಮಾಡಿದಾಗಿಂದಲೂ ಹಾಗೇ. ಆ ವರ್ಷ ಬರೀ ಮೂರು ದಿನ, 37 ಸರ್ಕಾರಿ ಬೇಟೆ ಜಮೀನುಗಳಲ್ಲಿ ಮಾತ್ರ ಇತ್ತು. ಹಾಗಾಗಿ ಹಾಕೆನ್ ತಗೊಂಡರೆ ಅದು ನಿಮ್ಮ ಇನ್‌ಲೈನ್ ಮಾಡುವ ಕೆಲಸವನ್ನೇ ಅಕ್ಟೋಬರಿನಲ್ಲಿ ಮಾಡುತ್ತದೆ, ಸ್ವಲ್ಪ ಚಂದವಾಗಿ. ಜೊತೆಗೆ 11ನೇ ನಂಬರಿನ ಕೇಪು ಹುಡುಕುವ ಕೆಲಸ ಬೇರೆ. ಅಜ್ಜನ ನೆನಪಿಗೆ ಬೇಕಾದರೆ ಫೋಟೋ ಹಾಕಿಕೊಳ್ಳಿ.

ಇನ್ನು ಚಕಮಕಿ ಕೋವಿಗೆ ಅಸಲಿ ಕಪ್ಪು ಮದ್ದೇ ಬೇಕು. ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್, ಈ ಬದಲಿ ಮದ್ದು ಯಾವುದೂ ಆಗಲ್ಲ. ಅವು ಹೊತ್ತಿಕೊಳ್ಳಲು ಜಾಸ್ತಿ ಬಿಸಿ ಬೇಕು. ಕೇಪು ಅಥವಾ ಪ್ರೈಮರ್ ಅದನ್ನು ಕೊಡುತ್ತದೆ, ಚಕಮಕಿಯ ಕಿಡಿ ಕೊಡಲಾರದು. ನಾನೇ ಪೆಟ್ಟು ತಿಂದಿದ್ದೇನೆ. 2021ರ ಚಳಿಗಾಲ, ಕಪ್ಪು ಮದ್ದು ಎಲ್ಲೂ ಇಲ್ಲ. ಕ್ಲಬ್ಬಿನ ಪಂದ್ಯ. ಜಾಣತನ ಮಾಡಿ ಒಳಗೆ ಪೈರೋಡೆಕ್ಸ್ ಹಾಕಿ, ರಂಜಕಕ್ಕೆ, ಅಂದರೆ ಹೊರಗಿನ ಬಟ್ಟಲಿನಲ್ಲಿ ಮೊದಲು ಹೊತ್ತುವ ಮದ್ದಿಗೆ, ಮಾತ್ರ ಉಳಿದಿದ್ದ ಚಿಟಿಕೆ ಅಸಲಿ ಮದ್ದು ಹಾಕಿದೆ. ಕುದುರೆ (ಕಲ್ಲು ಹಿಡಿದ ಸುತ್ತಿಗೆ) ಬಿತ್ತು, ಕಿಡಿ ಹಾರಿತು, ರಂಜಕ ಭುಸ್ ಅಂತು. ಒಳಗೆ ಮೌನ. ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ನಿಂತೆ, ಯಾಕೆಂದರೆ ತಡವಾಗಿ ಹಾರಿದರೂ ಹಾರೀತು. ಕೈ ನಡುಗಲು ಶುರು. ಹಿಂದಿನಿಂದ ಯಾರೋ, "ರಾವ್, ಇವತ್ತು ಅದೂ ಉಪವಾಸವಾ?" ಅಂದರು.

ಆ ಬರ ಯಾಕೆ ಬಂತು ಅಂದರೆ, ಅಮೆರಿಕದಲ್ಲಿ ಈ ಮದ್ದು ಮಾಡುತ್ತಿದ್ದದ್ದು ಗೋಯೆಕ್ಸ್ ಒಂದೇ. ಮೊದಲು ನಮ್ಮ ಪೆನ್ಸಿಲ್ವೇನಿಯಾದಲ್ಲೇ, ಸ್ಕ್ರ್ಯಾಂಟನ್ ಹತ್ತಿರದ ಮೂಸಿಕ್‌ನಲ್ಲಿ ಇತ್ತು. 1912ರಲ್ಲಿ ಡುಪಾಂಟ್ ಕಟ್ಟಿಸಿದ ಕಾರ್ಖಾನೆ. 90ರ ದಶಕದಲ್ಲಿ ಲೂಸಿಯಾನಾದ ಮಿಂಡೆನ್‌ಗೆ ಹೋಯಿತು. 2021ರ ಜೂನ್‌ನಲ್ಲಿ ಅಲ್ಲಿ ಸ್ಫೋಟ, ಸೆಪ್ಟೆಂಬರಿನಲ್ಲಿ ಬಾಗಿಲು ಹಾಕುತ್ತೇವೆ ಅಂತ ಮಾಲೀಕರಾದ ಹಾಜ್ಡನ್ ಕಂಪನಿ ಹೇಳಿತು. ಆ ವಾರ ಜನ ಮದುವೆಗೆ ಸಕ್ಕರೆ ಕೊಳ್ಳುವ ಹಾಗೆ ಕೊಂಡರು. ಅದನ್ನು 2022ರಲ್ಲಿ ಕೊಂಡು ಮತ್ತೆ ಶುರು ಮಾಡಿದವರು ಯಾರು ಗೊತ್ತಾ? ಎಸ್ಟೆಸ್. ಮಕ್ಕಳ ಆಟದ ರಾಕೆಟ್ ಮಾಡುವವರು. ಆ ಪುಟ್ಟ ರಾಕೆಟ್ಟಿನ ಮೋಟಾರಿನೊಳಗೂ ಕಪ್ಪು ಮದ್ದೇ. ಅವರಿಗೂ ಅದು ಇಲ್ಲದೆ ನಡೆಯುವುದಿಲ್ಲ. ನನ್ನ ಮೊಮ್ಮಗನ ಆಟಿಕೆಗೂ ನನ್ನ ಆಟಿಕೆಗೂ ಈಗ ಒಂದೇ ಅಡುಗೆಮನೆ.

ಈಗ ಸಿಗುತ್ತದೆ. ಗೋಯೆಕ್ಸ್ ಇದೆ, ಜರ್ಮನಿಯ ಶೂಟ್ಸೆನ್ ಬರುತ್ತದೆ, ಸ್ವಿಸ್ ಬರುತ್ತದೆ. ಸ್ವಿಸ್ ಎಲ್ಲಕ್ಕಿಂತ ಚುರುಕು, ಎಲ್ಲಕ್ಕಿಂತ ತುಟ್ಟಿ. ಜಿಂಕೆಗೆ ಅದರ ಅಗತ್ಯ ಇಲ್ಲ. ಆದರೆ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಹುಡುಕಬೇಡಿ. ಕಾನೂನಿನ ಕಣ್ಣಿನಲ್ಲಿ ಕಪ್ಪು ಮದ್ದು ಸ್ಫೋಟಕ. ಮಾರುವವನಿಗೆ ಎಟಿಎಫ್ ಅನ್ನುವ ಫೆಡರಲ್ ಇಲಾಖೆಯ ಬೇರೆ ಲೈಸೆನ್ಸ್ ಬೇಕು, ಇಡಲಿಕ್ಕೆ ಬೇರೆ ವ್ಯವಸ್ಥೆ ಬೇಕು. ಹಾಗಾಗಿ ಅವರು ಬದಲಿ ಮದ್ದುಗಳನ್ನಷ್ಟೇ ಇಡುತ್ತಾರೆ. ನಮ್ಮಂಥವರಿಗೆ ಪುರಾತನ ಮಾದರಿಯ ಕೋವಿಗೆ ಅಂತ 50 ಪೌಂಡ್‌ವರೆಗೆ ಫೆಡರಲ್ ಲೈಸೆನ್ಸ್ ಬೇಡ. ಆದರೂ ಊರಿನ ಅಗ್ನಿಶಾಮಕ ನಿಯಮ, ಮನೆಯ ವಿಮೆ ಎರಡೂ ಓದಿಕೊಳ್ಳಿ.

ತರಿಸುವಾಗ ಹೊಡೆತ ಬೀಳುವುದು ಮದ್ದಿನ ಬೆಲೆಯಿಂದಲ್ಲ, ಹ್ಯಾಜ್‌ಮ್ಯಾಟ್ ಅಂತ ಹಾಕುವ ಅಪಾಯದ ಸಾಗಾಣಿಕೆ ದರದಿಂದ. ಒಂದು ಪೌಂಡ್ ತರಿಸಿದರೂ ಅದೇ, ಹತ್ತು ತರಿಸಿದರೂ ಅದೇ. ಅದಕ್ಕೇ ನಾವು ಐದಾರು ಜನ ಸೇರಿ ವರ್ಷಕ್ಕೊಮ್ಮೆ ತರಿಸುತ್ತೇವೆ. ಎಲ್ಲ ಸೇರಿ ಪೌಂಡಿಗೆ ಮೂವತ್ತು ಡಾಲರಿನ ಮೇಲೆ ಸ್ವಲ್ಪ ಬೀಳುತ್ತದೆ. ಒಂದು ಪೌಂಡ್ ಅಂದರೆ 7000 ಗ್ರೇನ್. ಈಡಿಗೆ 70 ಹಾಕಿದರೆ ನೂರು ಈಡು. ಅಂದರೆ ಈಡಿಗೆ ಮೂವತ್ತು ಚಿಲ್ಲರೆ ಸೆಂಟ್. ನಿಮ್ಮ 80 ಡಾಲರಿನ ಡಬ್ಬಿಯಲ್ಲಿ ನೀವು ಅಳತೆಯಲ್ಲಿ ನೂರು ಗ್ರೇನ್ ಹಾಕುವವರಾದರೆ ಅರವತ್ತು ಈಡು ಬಂದರೆ ಹೆಚ್ಚು. ಅದರ ಮೇಲೆ ಪ್ರೈಮರ್. ನನಗೆ ಪ್ರೈಮರ್ ಇಲ್ಲ, ಕೇಪಿಲ್ಲ. ಒಂದು ಕಲ್ಲು ಸರಿಯಾಗಿ ಕೂರಿಸಿದರೆ ಐವತ್ತು ಈಡು ಹೊಡೆಯುತ್ತದೆ.

ಕೋವಿ ಯಾವುದು? 900ರೊಳಗೆ ಹೊಸದು ಸಿಗುತ್ತದೆ, ಆದರೆ ಅಗ್ಗದ ಫ್ಲಿಂಟ್‌ಲಾಕ್‌ನಷ್ಟು ತಲೆನೋವು ಇನ್ನೊಂದಿಲ್ಲ. ಅಗ್ಗದ ಇನ್‌ಲೈನ್ ನಡೆಯುತ್ತದೆ, ಅಗ್ಗದ ಚಕಮಕಿ ನಡೆಯಲ್ಲ. ಪ್ರಾಣ ಇರುವುದು ಫ್ರಿಜನ್‌ನಲ್ಲಿ, ಕಲ್ಲು ಬಂದು ಉಜ್ಜುವ ಆ ಉಕ್ಕಿನ ಪಟ್ಟಿಯಲ್ಲಿ. ನನ್ನ ಮೊದಲ ಕೋವಿಯದು ಮೆತ್ತಗಿತ್ತು. ಕಲ್ಲು ಉಜ್ಜಿದರೆ ಕಿಡಿ ಬರುವ ಬದಲು ಗೀರು ಬೀಳುತ್ತಿತ್ತು. ಕಂಪನಿಗೆ ಮೂರು ಪತ್ರ ಬರೆದೆ, ಕಲ್ಲು ಬದಲಿಸಿ ನೋಡಿ ಅಂತ ಮೂರು ಸಲವೂ ಅದೇ ಉತ್ತರ. ಕೊನೆಗೆ ಇಲ್ಲಿಯ ಒಬ್ಬ ಮುದುಕರು ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿಕೊಟ್ಟರು. ಕೂಲಿ ತಗೊಳ್ಳಲಿಲ್ಲ, ಚಕ್ಕುಲಿ ಕೊಟ್ಟೆ.

ಸೆಕೆಂಡ್ ಹ್ಯಾಂಡ್ ಲೈಮನ್ ಗ್ರೇಟ್ ಪ್ಲೇನ್ಸ್, ಫ್ಲಿಂಟ್‌ಲಾಕಿನದು, ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಬೇಡ, ಕಣ್ಣು ತೆರೆದೇ ತಗೊಳ್ಳಿ, ನಳಿಗೆಯೊಳಗೆ ತುಕ್ಕಿನ ಗುಂಡಿ ಇದೆಯಾ ಅಂತ ಸಣ್ಣ ದೀಪ ಇಳಿಸಿ ನೋಡಿ. ಅದರ ನಳಿಗೆಯೊಳಗೆ ಕೊರೆದ, ಗುಂಡು ತಿರುಗಿಸುವ ಸುರುಳಿ 60 ಇಂಚಿಗೆ ಒಂದು ಸುತ್ತು. ಬಟ್ಟೆ ಸುತ್ತಿದ ಸೀಸದ ಉಂಡೆಗೆ ಹೇಳಿ ಮಾಡಿಸಿದ್ದು. ಥಾಂಪ್ಸನ್ ಸೆಂಟರ್ ಹಾಕೆನ್‌ನ ಚಕಮಕಿ ಮಾದರಿಯೂ ಆದೀತು, ಅದು 48ಕ್ಕೆ ಒಂದು, ಉಂಡೆಗೂ ಉದ್ದ ಗುಂಡಿಗೂ ಅಂತ ಎರಡು ದೋಣಿಯ ಮೇಲೆ ಕಾಲಿಟ್ಟದ್ದು. ನಿಮ್ಮ ಇನ್‌ಲೈನ್ 28ಕ್ಕೆ ಒಂದು, ಅದಕ್ಕೆ ಉಂಡೆ ಒಗ್ಗುವುದಿಲ್ಲ. ಕೈಕೆಲಸ ಬಲ್ಲವರಾದರೆ ಒಹಾಯೋದ ಕಿಬ್ಲರ್ ಕಿಟ್ ಅಂತ ಇದೆ, ಅಷ್ಟು ಒಳ್ಳೆಯ ಲಾಕ್, ಅಂದರೆ ಕಿಡಿ ಹಾರಿಸುವ ಭಾಗ, ನಾನು ಬೇರೆ ನೋಡಿಲ್ಲ. ಆದರೆ ಅದು ನಿಮ್ಮ ಬಜೆಟ್ ದಾಟುತ್ತದೆ. ಮನೆಯವರ ಹತ್ತಿರ ಮಾತಾಡುವ ಧೈರ್ಯ ನಿಮ್ಮದು.

---

ಶೃಂಗೇರಿ_ತೋಟದಿಂದ ಬರೆದದ್ದು:

ಕೂರಿಯರಿನವನು ಮದ್ದು ತಂದು ಮನೆ ಬಾಗಿಲಿಗೆ ಕೊಡುತ್ತಾನಾ? ನಾನು ಎರಡು ಸಲ ಓದಿದೆ.

ಇಲ್ಲಿ ನಮ್ಮ ಒಂಟಿ ನಳಿಗೆಗೆ ಲೈಸೆನ್ಸ್ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ಅಷ್ಟೂ ಸಿಗುವ ದಿನ ಕಮ್ಮಿ. ಬೇಟೆಯಂತೂ 1972ರ ಕಾನೂನು ಬಂದಮೇಲೆ ಕಥೆಯಾಯಿತು, ಕೋವಿ ಇರುವುದು ಸದ್ದಿಗೆ. ಚುನಾವಣೆ ಘೋಷಣೆ ಆದ ಕೂಡಲೇ ಕೋವಿ ಠಾಣೆಗೆ ಒಪ್ಪಿಸಬೇಕು. ಹಂದಿಗೆ, ಮಂಗಕ್ಕೆ ಮಾತ್ರ ನೀತಿ ಸಂಹಿತೆ ಇಲ್ಲ. ಕಳೆದ ಸಲ ಕೋವಿ ವಾಪಸ್ ಬರುವಷ್ಟರಲ್ಲಿ ಬಾಳೆ ಪೂರ್ತಿ ಮುಗಿಸಿದ್ದವು.

ನಮ್ಮ ಕಡೆಯ ಒಂದು ಬುದ್ಧಿ ಮಾತ್ರ ಹೇಳುತ್ತೇನೆ. ಮಳೆಗಾಲದಲ್ಲಿ ಅಪ್ಪ ಕೋವಿಯ ಕೇಪಿನ ಜಾಗಕ್ಕೆ ಜೇನುಮೇಣ ಮೆತ್ತಿ, ಮೇಲೆ ಹಾಳೆ ಚೂರು ಕಟ್ಟುತ್ತಿದ್ದ. ಅಡಿಕೆ ಹಾಳೆ. ಎಂಥ ಮಳೆಗೂ ಒಳಗೆ ಹನಿ ಹೋಗುತ್ತಿರಲಿಲ್ಲ. ನಿಮ್ಮ ಹಿಮಕ್ಕೂ ಆದೀತು.

---

ಲ್ಯಾಂಕಾಸ್ಟರ್_ರಾವ್ ಬರೆದದ್ದು:

ಶೃಂಗೇರಿಯವರೇ, ಇಲ್ಲಿ ಅದಕ್ಕೆ ಹಸುವಿನ ಮಂಡಿ ಅನ್ನುತ್ತಾರೆ! ಲಾಕಿನ ಮೇಲೆ ಕಟ್ಟುವ ತೊಗಲಿನ ಟೋಪಿ. ಹಿಂದೆ ಹಸುವಿನ ಮಂಡಿಯ ಚರ್ಮದಿಂದಲೇ ಮಾಡುತ್ತಿದ್ದರಂತೆ. ನಾನು ಚರ್ಮ ಕಟ್ಟುವುದಿಲ್ಲ, ರೆಕ್ಸಿನ್ ಕಟ್ಟಿಕೊಂಡಿದ್ದೆ. ಊರಿಂದ ಹಾಳೆ ತಟ್ಟೆ ಬಂದಿರುವುದು ಮನೆಯಲ್ಲಿದೆ. ಇವತ್ತೇ ಒಂದು ಕತ್ತರಿಸುತ್ತೇನೆ.

---

ಹೊಸನಗರ_ಹ್ಯಾರಿಸ್‌ಬರ್ಗ್ ಬರೆದದ್ದು:

ಮೂರು ವಾರ ಆಯಿತು, ಸುದ್ದಿ ಹೇಳಲು ಬಂದೆ.

ಇನ್‌ಲೈನ್ ಮಾರಿಲ್ಲ. ಅಕ್ಕ ಹೇಳಿದ ಹಾಗೆ ಬಿಡಿ ಟ್ರಿಪಲ್ ಸೆವೆನ್ ಒಂದು ಡಬ್ಬಿ ತಂದೆ, ಅದು ಸುಲಭವಾಗಿ ಸಿಕ್ಕಿತು. ಮೊದಲ ಭಾನುವಾರವೇ ಆ ಉಂಗುರ ಕಂಡಿತು. ಮೂರನೇ ಗುಂಡು ಎರಡು ಬೆರಳು ಮೇಲೆಯೇ ನಿಂತಿತು. ಗಜದ ಮೇಲೆ ಗೆರೆ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಬಣ್ಣ ಮಗಳದ್ದು, ನೇರಳೆ.

ಇನ್ನೊಂದು ಸುದ್ದಿ. ಪಕ್ಕದ ಮನೆ ಅಜ್ಜನಿಗೆ ವಿಷಯ ಹೇಳಿದ್ದೆ. ಅವರು ತಮ್ಮ ಹಳೇ ಕಾರ್ಖಾನೆ ಗೆಳೆಯರೊಬ್ಬರ ಮನೆಗೆ ಕರೆದುಕೊಂಡು ಹೋದರು. ಅವರಿಗೆ ಕೈ ನಡುಕ, ನಾಲ್ಕು ವರ್ಷದಿಂದ ಕಾಡಿಗೆ ಹೋಗಿಲ್ಲ. ನೆಲಮಾಳಿಗೆಯಿಂದ ಹಳೇ ಕಂಬಳಿಯಲ್ಲಿ ಸುತ್ತಿದ್ದನ್ನು ತಂದು ಬಿಚ್ಚಿದರು. ಲೈಮನ್ ಗ್ರೇಟ್ ಪ್ಲೇನ್ಸ್, 50 ಕ್ಯಾಲಿಬರ್, ಫ್ಲಿಂಟ್‌ಲಾಕ್. ರಾಯರ ಮಾತಿನಂತೆ ದೀಪ ಇಳಿಸಿ ನೋಡಿದೆ. ಕನ್ನಡಿ ಹಾಗಿತ್ತು. ಖಾಲಿ ಕೋವಿಯಲ್ಲೇ ಕತ್ತಲೆ ಮೂಲೆಗೆ ಹೋಗಿ ಕುದುರೆ ಎಳೆದು ಬಿಟ್ಟರೆ, ಬಟ್ಟಲಿನೊಳಗೆ ಬಿಳಿ ಕಿಡಿ ಸುರಿಯಿತು. 550 ಅಂದರು. ನಾನು ಚೌಕಾಸಿ ಮಾಡಲಿಲ್ಲ. ಅವರು ತಾವೇ 500ಕ್ಕೆ ಇಳಿಸಿ, ಉಂಡೆ ಎರಕದ ಅಚ್ಚನ್ನೂ ಒಂದು ಮದ್ದಿನ ಕೊಂಬನ್ನೂ ಜೊತೆಗಿಟ್ಟರು. ಮೊದಲ ಜಿಂಕೆಯ ಒಂದು ತೊಡೆ ಕೊಡಬೇಕು ಅಂದರು, ಮೆಣಸು ಹಾಕಿ.

ರಾಯರೇ, ನಿಮ್ಮ ಸಾಮೂಹಿಕ ಮದ್ದಿನ ಪಟ್ಟಿಗೆ ನನ್ನ ಹೆಸರೂ ಸೇರಿಸುತ್ತೀರಾ? ಎರಡು ಪೌಂಡ್ ಸಾಕು. 2ಎಫ್ ಬೇಕಾ 3ಎಫ್ ಬೇಕಾ (ಎಫ್ ಜಾಸ್ತಿಯಾದಷ್ಟೂ ಪುಡಿ ಸಣ್ಣ) ನೀವೇ ಹೇಳಿ. ಇನ್ನೊಂದು ತೊಂದರೆ: ನಿನ್ನೆ ಅಜ್ಜ ಕೊಟ್ಟ ಚೂರು ಮದ್ದಿನಲ್ಲಿ ಐದು ಈಡು ಹೊಡೆದೆ. ಎರಡರಲ್ಲಿ ಕುದುರೆ ಬಿದ್ದು, ಭುಸ್ ಅಂದು, ಆಮೇಲೆ ನಾನು ಕಣ್ಣು ಮುಚ್ಚಿ ತೆರೆದ ಮೇಲೆ ಢಂ ಅಂತು. ಅಷ್ಟರಲ್ಲಿ ಗುರಿ ಎಲ್ಲೋ ಹೋಗಿತ್ತು.

---

ಲ್ಯಾಂಕಾಸ್ಟರ್_ರಾವ್ ಬರೆದದ್ದು:

ಸೇರಿಸಿದೆ. 3ಎಫ್ ತರಿಸುತ್ತೇನೆ, ಅದನ್ನೇ ರಂಜಕಕ್ಕೂ ಹಾಕಿ, 4ಎಫ್ ಬೇರೆ ಕೊಳ್ಳುವುದು ಸುಮ್ನೆ ಖರ್ಚು. 60 ಗ್ರೇನಿನಿಂದ ಶುರು ಮಾಡಿ, ಐದೈದು ಏರಿಸಿ, ಗುಂಪು ಚಿಕ್ಕದಾದ ಕಡೆ ನಿಲ್ಲಿ.

ಆ ತಡ ಇದೆಯಲ್ಲ, ಅದು ಬಟ್ಟಲಿಗೆ ರಂಜಕ ಜಾಸ್ತಿ ಹಾಕಿದ್ದಕ್ಕೆ. ತುಂಬಾ ಹಾಕಿದರೆ ಬೇಗ ಹೊತ್ತುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೂತು ಮುಚ್ಚಿಕೊಂಡರೆ ಅದು ಪಟಾಕಿ ಬತ್ತಿಯ ಹಾಗೆ ಉರಿದುಕೊಂಡು ಒಳಗೆ ಹೋಗುತ್ತದೆ. ಬಟ್ಟಲಿನ ಮೂರನೇ ಒಂದು ಭಾಗ, ತೂತಿಗಿಂತ ಕೆಳಗೆ. ಮುದ್ದೆಗೆ ಉಪ್ಪು ಹಾಕುವಷ್ಟು. ಬೆಂಕಿಯ ಬಿಸಿ ಹಾರಿ ಒಳಗೆ ಹೋಗಬೇಕು.

ಭುಸ್ ಅಂದ ಮೇಲೂ ಗುರಿ ಬಿಡಬೇಡಿ. ಕೆನ್ನೆ ಎತ್ತಬೇಡಿ. ಕಣ್ಣು ಮುಚ್ಚುವುದು ಎಲ್ಲರಿಗೂ ಆಗುತ್ತದೆ, ನನಗೆ ಎರಡು ವರ್ಷ ಹಿಡಿಯಿತು. ಮನೆಯಲ್ಲಿ ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ಕಲ್ಲಿನ ಜಾಗಕ್ಕೆ ಕಲ್ಲಿನ ಗಾತ್ರದ ಮರದ ತುಂಡು ಸಿಕ್ಕಿಸಿ, ದಿನಕ್ಕೆ ಇಪ್ಪತ್ತು ಸಲ ಎಳೆಯಿರಿ. ಮಗಳಿಗೆ ಎದುರಿನಿಂದ ಅಲ್ಲ, ಪಕ್ಕದಲ್ಲಿ ನಿಂತು ನಿಮ್ಮ ಕಣ್ಣು ನೋಡಲು ಹೇಳಿ. ಮಕ್ಕಳು ಸುಳ್ಳು ಹೇಳಲ್ಲ.

ಶನಿವಾರ ಕ್ಲಬ್ಬಿಗೆ ಬನ್ನಿ, ಒಂಬತ್ತಕ್ಕೆ. ಲಾಕ್ ಬಿಚ್ಚಿ ತೊಳೆಯುವುದು ತೋರಿಸುತ್ತೇನೆ, ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಆಮೇಲೆ ಎಣ್ಣೆ. ಅದೇ ದಿನ ತೊಳೆಯದಿದ್ದರೆ ರಾತ್ರೋರಾತ್ರಿ ತುಕ್ಕು. ನಿನ್ನೆಯದನ್ನು ತೊಳೆದಿದ್ದೀರಿ ತಾನೇ?

---

ಹೊಸನಗರ_ಹ್ಯಾರಿಸ್‌ಬರ್ಗ್ ಬರೆದದ್ದು:

ಈಗ ಹೋಗಿ ತೊಳೆಯುತ್ತೇನೆ.